ಮಸಿ ಕಾಣದ ಎಲೆ

ಟೋಂಗಾದ ವವಾಉ ದ್ವೀಪದಲ್ಲಿ ನಾರುಬಟ್ಟೆಗೆ ಕಪ್ಪು ಗೆರೆ ಎಳೆಯುವುದರಲ್ಲಿ ಟೆಲೆಸಿಯಾಳನ್ನು ಮೀರಿಸುವವರಿರಲಿಲ್ಲ. ತೊಗಟೆ ಬಡಿಯುವುದು, ಹಾಳೆ ಅಂಟಿಸುವುದು ಊರ ಹೆಂಗಸರೆಲ್ಲರ ಕೆಲಸ. ಕೊನೆಗೆ ಒಣಗಿದ ಕೇದಗೆ ಕಾಯಿಯ ನಾರುತುದಿಯನ್ನು ಮಸಿಯಲ್ಲಿ ಅದ್ದಿ ಎಲೆ, ಹಕ್ಕಿಗಳಿಗೆ ಜೀವ ತುಂಬುವುದು ಇವಳ ಪಾಲು. ಕೈ ಕಪ್ಪಾಗುತ್ತಿದ್ದದ್ದು ಇವಳದು, ಬಟ್ಟೆ ಮಾತ್ರ ಫುಸಿಯದು. ಫುಸಿ ಎಂದರೆ ಗಂಡ ಟೆವಿಟಾನ ಅಕ್ಕ. ಆ ಸೀಮೆಯಲ್ಲಿ ತಮ್ಮನ ಮನೆಯ ಮದುವೆಯಿರಲಿ, ಸಾವಿರಲಿ, ಅಕ್ಕ ಕೈಯಿಟ್ಟದ್ದು ಅಕ್ಕನಿಗೇ. ಇಲ್ಲ ಎನ್ನುವ ಬಾಯಿ ಇನ್ನೂ ಹುಟ್ಟಿಲ್ಲ.

ಹೀಗೆ ಒಂಬತ್ತು ದೊಡ್ಡ ಬಟ್ಟೆಗಳು ಕೈಬಿಟ್ಟ ಮೇಲೆ ಟೆಲೆಸಿಯಾ ಮಗಳು ಲಿಸಿಯಾಳಿಗೆಂದು ಒಂದು ಬರೆದಳು. ತುಂಬ ದೀವಿಹಲಸಿನ ಎಲೆಗಳು. ತಾಯಿ ಕಲಿಸಿದ ಚಿತ್ರ. ಒಂದು ಎಲೆಗೆ ಮಾತ್ರ ಬೇಕೆಂದೇ ಮಸಿ ಹಚ್ಚಲಿಲ್ಲ. ಅರೆಬರೆ ಬಟ್ಟೆಯನ್ನು ಯಾವ ಕಾರ್ಯಕ್ಕೂ ಕೊಡುವಂತಿಲ್ಲ, ಯಾರೂ ಕೇಳುವಂತಿಲ್ಲ. ಮಗಳು ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಆ ಎಲೆ ಮುಗಿಸಿ ಕೊಟ್ಟರಾಯಿತು ಎಂದು ಹಾಸಿಗೆಯಡಿ ಮಡಿಸಿಟ್ಟಳು.

ಮದುವೆಗೆ ಮೊದಲೇ ಟೆವಿಟಾ ಸತ್ತ. ಫುಸಿ ಹೆಣದ ತಲೆಯ ಬಳಿ ಕುಳಿತಳು. ಸಾವಿಗೆಂದು ಊರವರು ತಂದ ಬಟ್ಟೆಗಳನ್ನೆಲ್ಲ ಪಕ್ಕಕ್ಕೆ ಸರಿಸಿದಳು.

“ಹಾಸಿಗೆ ಕೆಳಗಿರೋದು ತೆಗಿಯೇ.”

“ಅದು ಮುಗಿದಿಲ್ಲ ಅತ್ತಿಗೆ. ಒಂದು ಎಲೆ ಬಾಕಿ ಇದೆ. ಕಣ್ಣು ಮಂಜು.”

“ಆಹಾ! ಮೊನ್ನೆ ಚರ್ಚಲ್ಲಿ ನನ್ನ ತಲೇಲಿ ಹೇನು ಕಂಡ ಕಣ್ಣಿಗೆ ಎಲೆ ಕಾಣಲ್ವಾ? ಮಸಿ ತಗೊಂಡ್ ಬಾ. ಇಲ್ಲೇ ಮುಗಿಸು.”

ಹೆಂಗಸರು ಕಿಸಕ್ಕನೆ ನಕ್ಕು, ಹೆಣ ನೆನಪಾಗಿ ಬಾಯಿ ಮುಚ್ಚಿಕೊಂಡರು. ಹತ್ತನೆಯದೂ ಹೋಯಿತು ಎಂದುಕೊಂಡು ಟೆಲೆಸಿಯಾ ಬಟ್ಟೆ ಹರಡಿ ಕುಳಿತಳು. ಬಿಟ್ಟ ಎಲೆಗೆ ಮಸಿ ಹಚ್ಚಿದಳು. ಸಿಟ್ಟು ಬಂದಾಗ ಅವಳ ಗೆರೆ ಇನ್ನೂ ನೇರವಾಗುತ್ತಿತ್ತು.

ಮಸಿ ಆರಿದ ಮೇಲೆ ಫುಸಿ ಕೇಳಿದಳು: “ಇದು ಈಗ ನಂದು ತಾನೆ?”

“ನಿಮ್ಮದೇ ಅತ್ತಿಗೆ.”

“ಹಂಗಾದ್ರೆ ನನ್ನ ತಮ್ಮಂಗೆ ಕೊಟ್ಟೆ. ಅವನ ಕೆಳಗೆ ಹಾಸು, ಅವನ ಜೊತೇಲೇ ಹೋಗ್ಲಿ. ನಿನ್ನ ಮಸಿಗೆ ಕಾಡಿಗೆ ಬೇಕು ಅಂತ ಎಣ್ಣೆಕಾಯಿ ಸುಟ್ಟು ಸುಟ್ಟು, ಹೊಗೆ ಕುಡಿದು ಕೆಮ್ಮಿದೋನು ಅವನೇ ಅಲ್ವಾ?”

ಲಿಸಿಯಾಗೆ ಅಂತ ಬರೆದದ್ದು ಎಂಬ ಮಾತು ಟೆಲೆಸಿಯಾಳ ಬಾಯಿತನಕ ಬಂತು. ಮಗಳತ್ತ ನೋಡಿದಳು, ಮಗಳು ಹಾಸು ಎಂಬಂತೆ ತಲೆಯಾಡಿಸಿದಳು. ಟೆಲೆಸಿಯಾ ತಾನೇ ಹಾಸಿದಳು. ಮೂವತ್ತು ವರ್ಷ ಬರೆದದ್ದರಲ್ಲಿ ಗಂಡನಿಗೆಂದು ಒಂದನ್ನೂ ಬರೆದಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅಲ್ಲಿಯವರೆಗೆ ಅಳದಿದ್ದವಳು ಊರಿಗೆ ಕೇಳುವಂತೆ ಅತ್ತಳು.