ಬೊಂಬಿಲ್ ಚೀಲದ ಸರ

ಮೊನ್ನೆ ಊರಿಗೆ ಹೊರಡುವ ತಯಾರಿಯಲ್ಲಿ ಮುಂಬೈಯ ಘಾಟ್ಕೋಪರ್ ಮಾರ್ಕೆಟ್ಟಿನಿಂದ ಒಣ ಬೊಂಬಿಲ್ ಮೀನು ತಂದೆ. ಪೊಟ್ಟಣ ಬಿಚ್ಚಿದ್ದೇ ತಡ, ವಾಸನೆ ಮನೆಯನ್ನೆಲ್ಲ ತುಂಬಿತು. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದಳು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಎದುರುಮನೆಯ ಅಕ್ಕ ಅಡುಗೆಮನೆಗೆ ಬಂದು ನಿಂತ ಹಾಗಾಯಿತು...

ನಮ್ಮ ಬಿಲ್ಡಿಂಗಿನಲ್ಲಿ ಅವರ ಬಾಗಿಲಿಗೆ ನಮ್ಮ ಬಾಗಿಲು ಎದುರು. ಉಡುಪಿ ಕಡೆಯವರು, ಗಂಡ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದರು. ಅಕ್ಕ ಯಾರಿಗೂ ಹೆದರುವವರಲ್ಲ, ರೈಲಿನ ಕಳ್ಳರೆಂದರೆ ಮಾತ್ರ ಎದೆ ಡವಡವ. ಹಾಗೆಂದು ಸೂಟ್‌ಕೇಸಿಗೆ ಸರಪಳಿ ಹಾಕುವವರೂ ಅಲ್ಲ. ಒಳಗೆ ಚಿನ್ನ ಇದೆಯೆಂದು ಕಳ್ಳನಿಗೆ ನಾವೇ ಹೇಳಿಕೊಟ್ಟ ಹಾಗೆ ಎನ್ನುತ್ತಿದ್ದರು. ಅವರ ಉಪಾಯವೇ ಬೇರೆ. ಚಿನ್ನವನ್ನು ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಕಪ್ಪು ಚೀಲದ ತಳಕ್ಕೆ ಹಾಕಿ, ಮೇಲೆ ಒಣ ಬೊಂಬಿಲ್ ಸುರಿದು ಸೀಟಿನಡಿ ತಳ್ಳುವುದು. ಮನೆ ಮುಂದೆಯೇ ಕಡಲಿದ್ದರೂ ಊರಿನ ನೆಂಟರಿಗೆ ಮುಂಬೈ ಬೊಂಬಿಲ್ಲೇ ಬೇಕು, ಹಾಗಾಗಿ ಯಾರಿಗೂ ಅನುಮಾನವಿಲ್ಲ.

"ಕಳ್ಳನಿಗೂ ಮೂಗು ಉಂಟಲ್ಲ ಮಾರಾಯ್ತಿ," ಎನ್ನುತ್ತಿದ್ದರು.

ಒಂದು ವರ್ಷ ಅವರ ತೀರಿಹೋದ ತಂಗಿಯ ಮಗಳ ಮದುವೆ. ತಾಯಿ ಇಲ್ಲದ ಹುಡುಗಿ ಬೋಳು ಕೊರಳಲ್ಲಿ ಮಂಟಪಕ್ಕೆ ಬರಬಾರದೆಂದು ಅಕ್ಕ ತಮ್ಮ ಬಳೆಗಳನ್ನು ಕರಗಿಸಿ ಸರ ಮಾಡಿಸಿದ್ದರು. ಅದೇ ಹೊತ್ತಿಗೆ ಕಸ ಎತ್ತುವವರ ಮುಷ್ಕರ. ಆ ಕೆಲಸವನ್ನು ಖಾಸಗಿ ಕಾಂಟ್ರಾಕ್ಟರನಿಗೆ ಕೊಡುತ್ತಾರೆಂದು ಅವರೆಲ್ಲ ಪೊರಕೆ ಕೆಳಗಿಟ್ಟಿದ್ದರು. ಕಾಂಪೌಂಡಿನಲ್ಲಿ ಗುಡ್ಡೆ ಬಿದ್ದ ಕಸ ನೋಡಲಾರದೆ ನಮ್ಮ ಸೊಸೈಟಿಯ ಸೆಕ್ರೆಟರಿ ಒಂದು ಟೆಂಪೊ ಗೊತ್ತುಮಾಡಿ, ಮರುದಿನ ಬೆಳಿಗ್ಗೆ ಎಲ್ಲರೂ ಕಸದ ಚೀಲವನ್ನು ಬಾಗಿಲಾಚೆ ಇಡಬೇಕೆಂದು ಹೇಳಿ ಕಳಿಸಿದರು. ಮದುವೆಯ ಗಡಿಬಿಡಿಯಲ್ಲಿ ಅಕ್ಕನ ತಲೆಗೆ ಅದು ಹೋಗಲೇ ಇಲ್ಲ. ರೇಷ್ಮೆ ಸೀರೆಗೆ ಮೀನಿನ ವಾಸನೆ ತಾಗದಿರಲೆಂದು ಅವರೂ ತಮ್ಮ ಕಪ್ಪು ಚೀಲವನ್ನು ಬಾಗಿಲಾಚೆ ಇಟ್ಟಿದ್ದರು.

ಅದೇ ಬೆಳಿಗ್ಗೆ ಊರಿಗೆ ಹೊರಟವರಿಗೆ ಚಾ ಕೊಡೋಣವೆಂದು ನಾನು ಹೋದಾಗ ಅಕ್ಕ ಹೊಸ್ತಿಲಲ್ಲಿ ಕುಸಿದು ಕೂತಿದ್ದರು. "ನನ್ನ ಬೊಂಬಿಲ್ ಎಲ್ಲಿ?" ಎಂದರು. ಬರೀ ಮೀನಿಗಾಗಿ ಯಾರೂ ಹಾಗೆ ಬಿಳಿಚಿಕೊಳ್ಳುವುದಿಲ್ಲ. ಟೆಂಪೊದ ಆಳುಗಳು ಆಗಷ್ಟೇ ಎಲ್ಲ ಮಹಡಿಗಳ ಚೀಲ ಒಟ್ಟುಮಾಡಿಕೊಂಡು ಇಳಿದಿದ್ದರು. ನಾವಿಬ್ಬರೂ ಚಪ್ಪಲಿಯನ್ನೂ ಮೆಟ್ಟದೆ ಓಡಿದೆವು.

ಟೆಂಪೊ ಇನ್ನೂ ಗೇಟಿನಲ್ಲೇ ಇತ್ತು. ಮುಷ್ಕರದವರು ಅದರ ಮುಂದೆ ಕೂತುಬಿಟ್ಟಿದ್ದರು. ದಿನವೂ ನಮ್ಮ ಕಸ ಒಯ್ಯುತ್ತಿದ್ದ ವಿಜಯಪುರ ಕಡೆಯ ಹೆಂಗಸೂ ಅವರಲ್ಲಿದ್ದರು. "ಅರೇ, ಗಾಡಿ ಜಾನೇ ದೋ," ಎಂದು ಸೆಕ್ರೆಟರಿ ಗದರುತ್ತಿದ್ದರು. ಅಕ್ಕ ಅವರನ್ನು ಪಕ್ಕಕ್ಕೆ ಸರಿಸಿ, ತಾವೂ ಟೆಂಪೊದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

"ಈ ಗಾಡಿ ಹೋಗ್ಲಿಕ್ಕಿಲ್ಲ."

"ನಾವೂ ಅದನ್ನ ಹೇಳಾಕತ್ತೀವ್ರಿ ಅಕ್ಕಾರ," ಎಂದು ಆ ವಿಜಯಪುರದ ಹೆಂಗಸು ಸರಿದು ಜಾಗ ಕೊಟ್ಟರು. ಮುಷ್ಕರದವರೆಲ್ಲ ಚಪ್ಪಾಳೆ ತಟ್ಟಿದರು.

ನಾನು ಸೆಕ್ರೆಟರಿಯ ಕಿವಿಯಲ್ಲಿ ಸರದ ವಿಷಯ ಹೇಳಿದೆ. ಅಷ್ಟೇ, ಗಾಡಿ ಬಿಡಿ ಎನ್ನುತ್ತಿದ್ದವರು ತಾವೇ ಡ್ರೈವರನ ಕೈಯಿಂದ ಕೀ ಕಿತ್ತುಕೊಂಡರು. ಆದರೆ ಚೀಲ ಹುಡುಕುವವರು ಯಾರು? "ಹರತಾಳ ಐತ್ರಿ, ಕಸಾ ನಾವು ಮುಟ್ಟಂಗಿಲ್ಲ," ಎಂದು ವಿಜಯಪುರದವರು ನಕ್ಕರು. ಕೊನೆಗೆ ಸೆಕ್ರೆಟರಿಯೇ ಪ್ಯಾಂಟು ಮಡಚಿ ಟೆಂಪೊ ಹತ್ತಿದರು. ಎಲ್ಲವೂ ಕಪ್ಪು ಚೀಲಗಳೇ. ಒಂದರಲ್ಲಿ ಕೊಳೆತ ಬಾಳೆಹಣ್ಣು, ಇನ್ನೊಂದರಲ್ಲಿ ಅವರದೇ ಮನೆಯ ಹಳಸಿದ ಢೋಕ್ಲಾ... ಅಕ್ಕನ ಕಣ್ಣು ತುಂಬಿ ಬರುತ್ತಿತ್ತು. ಆಗ ಬಂತು ನೋಡಿ ನಮ್ಮ ಬಿಲ್ಡಿಂಗಿನ ಬೆಕ್ಕು. ಯಾರನ್ನೂ ಕೇಳದೆ ಟೆಂಪೊಗೆ ಹಾರಿ, ಮೂಲೆಯ ಒಂದು ಚೀಲವೇರಿ ಪರಪರ ಕೆರೆಯತೊಡಗಿತು. ಕಳ್ಳನ ಮೂಗಿನ ಬಗ್ಗೆ ಅಷ್ಟು ಯೋಚಿಸಿದ್ದ ಅಕ್ಕ ಬೆಕ್ಕಿನ ಮೂಗನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಚೀಲದ ತಳಕ್ಕೆ ಕೈ ಹಾಕಿದಾಗ ಅವರ ಮುಖ ಅರಳಿದ್ದು ಇಂದಿಗೂ ನನ್ನ ಕಣ್ಣಮುಂದಿದೆ. ಬೊಂಬಿಲ್ಲನ್ನು ವಿಜಯಪುರದವರ ಸೆರಗಿಗೆ ಸುರಿದು, ಬೆಕ್ಕಿಗೂ ಒಂದು ಹಿಡಿ ಹಾಕಿ, ಸರವನ್ನು ಸೊಂಟಕ್ಕೆ ಬಿಗಿದುಕೊಂಡು ರೈಲು ಹತ್ತಿದರು. ಮದುವೆ ಮುಗಿಸಿ ಬಂದವರು ಮೊದಲು ತೋರಿಸಿದ್ದು ಮದುಮಗಳ ಫೋಟೊ. ಕೊರಳಲ್ಲಿ ಆ ಸರ. "ವಾಸನೆ ಬರ್ತದಾ ನೋಡು," ಎಂದು ಫೋಟೊವನ್ನು ನನ್ನ ಮೂಗಿಗೆ ಹಿಡಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮುಷ್ಕರ ಗೆಲ್ಲಲಿಲ್ಲ. ಕಾಂಟ್ರಾಕ್ಟರನ ಗಾಡಿ ಬಂತು, ವಿಜಯಪುರದವರು ಮತ್ತೆ ಕಾಣಲಿಲ್ಲ. ಕಳೆದ ಮಳೆಗಾಲದಲ್ಲಿ ಅಕ್ಕನೂ ತೀರಿಕೊಂಡರು. ಆ ಬಾಗಿಲಿಗೆ ಬೀಗ ಬಿದ್ದಿದೆ, ಈಗಲೂ ಊರಿಗೆ ಹೊರಟಾಗ ಹೇಳಿ ಹೋಗಲು ಅತ್ತಲೇ ತಿರುಗುತ್ತೇನೆ...

ಮೊನ್ನೆ ನಾನೂ ನನ್ನ ಎರಡು ಬಳೆ, ಒಂದು ಸರವನ್ನು ಬಟ್ಟೆಯಲ್ಲಿ ಸುತ್ತಿ ಬೊಂಬಿಲ್ಲಿನಡಿ ಇಟ್ಟೆ. "ಮಮ್ಮಿ ಪ್ಲೀಸ್, ಅದನ್ನ ಬಾಹರ್ ಇಡು ನಾ," ಎಂದಳು ಮಗಳು. ನಾನು ಹೊರಗಿಡಲಿಲ್ಲ. ರಿಕ್ಷಾ ಬರುವವರೆಗೂ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತೆ. ಈಗಿನ ಕಸದ ಗಾಡಿ ಬಾಗಿಲಾಚೆ ಇದ್ದದ್ದನ್ನೆಲ್ಲ ಹೇರಿಕೊಂಡು ಹೊರಟುಬಿಡುತ್ತದೆ, ಅದರ ಮುಂದೆ ಕೂರುವವರು ಯಾರೂ ಇಲ್ಲ.