ಗುಂಡಿ ಅಕ್ಕ ತಮ್ಮನನ್ನು ಕರೆತಂದದ್ದು

ದರ್ಜಿಗಳ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಂಡಿ ಅಕ್ಕ ಎಂದೇ. ಬಟ್ಟೆ ಕತ್ತರಿಸುವವರು, ಹೊಲಿಯುವವರು ಬೀದಿ ತುಂಬ ಇದ್ದರು. ಅಂಗಿಗೆ ಕಾಜಾ ತೆಗೆದು ಗುಂಡಿ ಹಾಕುವ ಕೆಲಸ ಮಾತ್ರ ಅವಳೊಬ್ಬಳದು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿ, ಒಂದು ಮಿಷನ್ನು, ಗೋಡೆಯುದ್ದಕ್ಕೂ ಗುಂಡಿಗಳ ಡಬ್ಬಿಗಳು. ಹೊಲಿಗೆ ಸೊಟ್ಟಗಿದ್ದರೆ ಎಂಥ ದೊಡ್ಡ ದರ್ಜಿಯ ಅಂಗಿಯನ್ನಾದರೂ ಮುಟ್ಟದೆ ವಾಪಸು ಕಳಿಸುತ್ತಿದ್ದಳು. "ಗುಂಡಿ ಹಾಕೋಳಿಗೆ ಗುಂಡಿಗೆ ಸ್ವಲ್ಪ ಜಾಸ್ತಿ" ಎಂದು ಅವರು ಬೆನ್ನ ಹಿಂದೆ ನಗುತ್ತಿದ್ದರು.

ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ತನ್ನವನೆಂದು ಇದ್ದವನು ತಮ್ಮನೊಬ್ಬ. ತಾಯಿ ಸತ್ತಾಗ ಅವನಿಗೆ ಆರು, ಇವಳಿಗೆ ಹದಿಮೂರು. ಎತ್ತಿ ಆಡಿಸಿದವಳೂ ಬೈದು ಬೆಳೆಸಿದವಳೂ ಇವಳೇ. ಅವನು ಪರದೇಶಕ್ಕೆ ಹೋಗಿ ಹದಿನಾಲ್ಕು ವರ್ಷ. ಅಡುಗೆಕಟ್ಟೆಗೆ ಹಾಸುವ ನುಣುಪು ಕಲ್ಲಿನ ಹಲಗೆಗಳನ್ನು ಕೊಯ್ಯುವ ಶೆಡ್ಡಿನಲ್ಲಿ ಕೆಲಸ. ಮದುವೆಯ ಮಾತೆತ್ತಿದರೆ "ಮುಂದಿನ ಸಲ ಬಂದಾಗ ನೋಡೋಣ ಬಿಡಕ್ಕ" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಅವನ ನಂಬರಿನಿಂದ ಫೋನ್ ಬಂತು. ದನಿ ಅವನದಲ್ಲ.

"ಅಕ್ಕಾ, ನಾನು ನಿಮ್ಮ ತಮ್ಮನ ಪಕ್ಕದ ಮಂಚದವನು. ಒಂದೇ ರೂಮಲ್ಲಿರೋದು."

"ಅವನಿಗೇನಾಯ್ತು?"

"ಉಸಿರಾಡಕ್ಕೆ ಆಗ್ತಿಲ್ಲ. ಮೂರು ವಾರದಿಂದ ಆಸ್ಪತ್ರೆಲಿದಾನೆ. ನಿಮಗೆ ಹೇಳ್ಬಾರದು ಅಂತ ಆಣೆ ಹಾಕಿಸ್ಕೊಂಡಿದ್ದ."

"ಮತ್ತೆ ಈಗ ಯಾಕಪ್ಪ ಹೇಳ್ತಿದೀಯ?"

"ಬೇಗ ಬನ್ನಿ ಅಕ್ಕಾ" ಎಂದ.

ಎರಡು ತಿಂಗಳಿಂದ ತಮ್ಮ ಫೋನಿನಲ್ಲಿ ಮಾತಾಡಿಯೇ ಇರಲಿಲ್ಲ. ಬರೀ ಮೆಸೇಜು ಕಳಿಸುತ್ತಿದ್ದ, ಕೆಲಸ ಜಾಸ್ತಿ ಅಂತ. ಮಾತಾಡಿದರೆ ಅಕ್ಕನಿಗೆ ತಿಳಿದುಹೋಗುತ್ತದೆಂದು ಹೆದರಿದ್ದನೆಂಬುದು ಈಗ ಹೊಳೆಯಿತು.

ವಿಮಾನ ಹತ್ತಿದ್ದು ಅದೇ ಮೊದಲು. ಇಳಿದಾಗ ಪಕ್ಕದ ಮಂಚದವನು ಕಾಯುತ್ತಿದ್ದ. ಮೂವತ್ತೈದರ ಆಸುಪಾಸಿನ ನಗುಮುಖದ ಮನುಷ್ಯ. ತಮ್ಮನ ಬಟ್ಟೆಬರೆ ತೆಗೆದುಕೊಳ್ಳಲೆಂದು ಮೊದಲು ರೂಮಿಗೆ ಕರೆದುಕೊಂಡು ಹೋದ. ಎಂಟು ಮಂಚಗಳಿದ್ದವು. ಮೂರರ ಮೇಲೆ ಹಾಸಿಗೆಯೇ ಇರಲಿಲ್ಲ, ಬರೀ ಕಬ್ಬಿಣದ ಪಟ್ಟಿಗಳು.

"ಇವರೆಲ್ಲ ಎಲ್ಲಿ?"

"ಊರಿಗೆ ಹೋದ್ರು."

"ರಜೆಗಾ?"

ಅವನು ಬಟ್ಟೆ ಮಡಚತೊಡಗಿದ. ಅವಳೂ ಒಂದು ಅಂಗಿ ಕೈಗೆತ್ತಿಕೊಂಡಳು. ಒಗೆದ ಅಂಗಿಯೇ. ಆದರೂ ಹೊಲಿಗೆಯ ಸಂದಿನಲ್ಲಿ, ಕಾಲರಿನ ಮಡಿಕೆಯಲ್ಲಿ, ಪ್ರತಿ ಗುಂಡಿಯ ನಾಲ್ಕು ತೂತುಗಳಲ್ಲಿ ಬೆಳ್ಳಗೆ ಏನೋ ಕೂತಿತ್ತು. ಉಗುರಿನಿಂದ ಕೆರೆದಳು. ಹಿಟ್ಟಿಗಿಂತ ನಯವಾದ ಪುಡಿ. ಕಿಟಕಿಯ ಕಟ್ಟೆಯ ಮೇಲೂ, ಚಪ್ಪಲಿಗಳ ಮೇಲೂ ಅದೇ. ಮೂವತ್ತು ವರ್ಷ ಬಟ್ಟೆಯ ಜೊತೆ ಬದುಕಿದವಳಿಗೆ ಅರ್ಥವಾಯಿತು, ಇದು ನೀರಿಗೆ ಹೋಗುವಂಥದ್ದಲ್ಲ. ಅಂಗಿಯ ಒಳಗೇ ಇಷ್ಟು ಹೊಕ್ಕಿದ್ದರೆ ಅಂಗಿ ತೊಟ್ಟವನ ಒಳಗೆ ಎಷ್ಟು ಹೊಕ್ಕಿರಬೇಡ ಎನಿಸಿತು.

ಆಸ್ಪತ್ರೆಯಲ್ಲಿ ಅವಳು ತಮ್ಮನ ಹಾಸಿಗೆಯನ್ನು ದಾಟಿಕೊಂಡು ಮುಂದೆ ಹೋಗಿಬಿಟ್ಟಳು. ಗುರುತೇ ಸಿಗಲಿಲ್ಲ. ಹಿಂದಿನಿಂದ ಒಂದು ದನಿ ಕರೆಯಿತು.

"ಅಕ್ಕಾ... ವಿಮಾನದಲ್ಲಿ... ಯಾರ ಜೊತೆ ಜಗಳ ಆಡ್ದೆ?"

ಅಷ್ಟು ಹೇಳಲು ಮೂರು ಸಲ ಉಸಿರು ಎಳೆದುಕೊಂಡಿದ್ದ. ಅವಳು ನಕ್ಕಳು, ಅವನಿಗಾಗಿ.

ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಕಲ್ಲಿನ ದೂಳು ಕೂತು ಕೂತು ಶ್ವಾಸಕೋಶ ಗಟ್ಟಿಯಾಗಿದೆ, ಗುಣಪಡಿಸುವ ಔಷಧಿಯಿಲ್ಲ, ಆಮ್ಲಜನಕ ಕೊಟ್ಟು ಚೆನ್ನಾಗಿ ನೋಡಿಕೊಳ್ಳಿ, ಊರಿಗೆ ಕರೆದುಕೊಂಡು ಹೋಗುವುದಾದರೆ ಈಗಲೇ ಹೋಗಿ ಎಂದರು. ಈಗಲೇ ಎಂಬ ಮಾತನ್ನು ಎರಡು ಸಲ ಹೇಳಿದರು.

ಅವನು ಆ ದೇಶ ಬಿಡಬೇಕಾದರೆ ಕಂಪನಿಯ ಪತ್ರ ಬೇಕಿತ್ತು. ಆಫೀಸಿನಲ್ಲಿ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಅಧಿಕಾರಿ ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟ, ನೀರು ತರಿಸಿದ, ಆಮೇಲೆ ಒಂದು ಹಾಳೆಯನ್ನು ಮುಂದೆ ಸರಿಸಿದ. ಪಕ್ಕದ ಮಂಚದವನು ಅದನ್ನು ಓದಿ, ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳಿದ.

"ಅಕ್ಕಾ, ನನ್ನ ಮುಖ ನೋಡ್ಬೇಡಿ, ಕಾಗದ ನೋಡ್ತಾ ಇರಿ. ಈ ಕಾಯಿಲೆ ಊರಿಂದಲೇ ತಂದಿದ್ದು, ಸಿಗರೇಟು ಸೇದಿ ಬಂದಿದ್ದು, ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಬರೆದಿದೆ. ಇದಕ್ಕೆ ಸಹಿ ಹಾಕಿದ್ರೆ ಮಾತ್ರ ಪತ್ರ ಕೊಡ್ತಾರೆ."

"ನನ್ನ ತಮ್ಮ ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ ಅಂತ ಹೇಳು ಅವರಿಗೆ."

ಹೇಳಿದ. ಅಧಿಕಾರಿ ಮುಗುಳ್ನಕ್ಕು ಏನೋ ಅಂದ.

"ಏನಂತೆ?"

"ನಿಧಾನವಾಗಿ ಯೋಚನೆ ಮಾಡಿ, ನಮಗೇನೂ ಅವಸರ ಇಲ್ಲ ಅಂತಾರೆ."

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಯಿತು ಅವಳ ಪಾಡು. ಸೊಟ್ಟ ಹೊಲಿಗೆಯ ಅಂಗಿಯನ್ನು ಎಂದೂ ಮುಟ್ಟದವಳು ಆ ಸುಳ್ಳು ಕಾಗದಕ್ಕೆ ಸಹಿ ಹಾಕಿದಳು. ಮೊದಲು ಉಸಿರು, ನ್ಯಾಯ ಆಮೇಲೆ ಎಂದು ತನಗೆ ತಾನೇ ಹೇಳಿಕೊಂಡಳು. ಅಧಿಕಾರಿ ಹಾಳೆಯನ್ನು ಒಂದು ಕಡತದೊಳಗಿಟ್ಟ. ಅದರಲ್ಲಿ ಸಹಿಯಾದ ಅಂಥವೇ ಹಾಳೆಗಳು ಏಳೆಂಟು ಇದ್ದವು. ಅವುಗಳ ಕೆಳಗೆ ಇನ್ನೂ ಯಾರ ಹೆಸರೂ ಬರೆಯದ ಹಾಳೆಗಳ ದಪ್ಪ ಕಟ್ಟು.

ಊರಿಗೆ ಬಂದ ಮೇಲೆ ಬೀದಿಯೇ ಕೈಜೋಡಿಸಿತು. ಅವಳ ಮನೆಯ ಮುಂದಿನ ಕೋಣೆಯನ್ನು ಖಾಲಿ ಮಾಡಿದರು. ಕೋಟು ಹೊಲಿಯುವ ತಾತ ತಾನು ಬಟ್ಟೆ ಕತ್ತರಿಸುವ ಉದ್ದನೆಯ ಮೇಜನ್ನು ಔಷಧಿ ಇಡಲು ತಂದುಕೊಟ್ಟ. ಇಸ್ತ್ರಿಯವನು ತನ್ನ ಅಂಗಡಿಯಿಂದ ಆಮ್ಲಜನಕದ ಮಿಷನ್ನಿಗೆ ಬೇರೆ ತಂತಿ ಎಳೆದ. ಕರೆಂಟು ಹೋದರೆ ಇರಲಿ ಎಂದು ಮೂಲೆಯಲ್ಲಿ ಒಂದು ಸಿಲಿಂಡರು. ದಿನಾ ಬೆಳಿಗ್ಗೆ ಬರುವ ನರ್ಸು ಎಲ್ಲವನ್ನೂ ಕಲಿಸಿಕೊಟ್ಟಳು: ಬೆನ್ನಿಗೆ ಎಷ್ಟು ದಿಂಬು, ಸ್ನಾನ ಮಾಡಿಸುವಾಗ ಎಲ್ಲಿ ನಿಲ್ಲಿಸಿ ಉಸಿರಾಡಲು ಬಿಡಬೇಕು, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ಯಾವ ಅಂಕಿ ಬಂದರೆ ತನಗೆ ಫೋನ್ ಮಾಡಬೇಕು ಎಂದು. ಮಿಷನ್ನಿನ ಗುಂಯ್ ಸದ್ದು ಹಗಲೆಲ್ಲ ಬೀದಿಗೆ ಕೇಳುತ್ತಿತ್ತು. ಅದು ನಿಂತರೆ ಅಕ್ಕಪಕ್ಕದ ಹೊಲಿಗೆ ಮಿಷನ್ನುಗಳೂ ನಿಲ್ಲುತ್ತಿದ್ದವು. ಮತ್ತೆ ಶುರುವಾದ ಮೇಲೆಯೇ ದರ್ಜಿಗಳು ತುಳಿಯುತ್ತಿದ್ದರು.

ಪ್ರತಿ ಭಾನುವಾರ ಪಕ್ಕದ ಮಂಚದವನು ಫೋನ್ ಮಾಡುತ್ತಿದ್ದ. ಮೂರನೆಯ ತಿಂಗಳಲ್ಲಿ ಒಂದು ದಿನ ಏನೋ ತಮಾಷೆ ಹೇಳಿ ನಗುತ್ತಾ ಕೆಮ್ಮಿದ. ತಮ್ಮ ಥಟ್ಟನೆ ಕೈಯೆತ್ತಿ ಅಕ್ಕನನ್ನು ಸುಮ್ಮನಿರಿಸಿದ. ಕಣ್ಣು ಮುಚ್ಚಿ ಕೇಳಿಸಿಕೊಂಡ. ಫೋನ್ ಇಟ್ಟ ಮೇಲೆ ಹೇಳಿದ.

"ಅದು ನೆಗಡಿ ಕೆಮ್ಮಲ್ಲ ಅಕ್ಕ."

"ಮತ್ತೆ?"

"ಕೊನೆಗೆ ಸಣ್ಣಗೆ... ಶಿಳ್ಳೆ ಥರ ಬಂತಲ್ಲ. ನನಗೂ... ಹಾಗೇ ಶುರುವಾಗಿದ್ದು."

ಮುಂದಿನ ಭಾನುವಾರ ಅವಳು ಬೈದು ನೋಡಿದಳು, ಬೇಡಿ ನೋಡಿದಳು. "ಒಪ್ಪಂದ ಇನ್ನು ಎಂಟೇ ತಿಂಗಳು ಅಕ್ಕಾ. ಮುಗಿಸ್ಕೊಂಡು ಬಂದೇ ಬರ್ತೀನಿ" ಎಂದ. ಎಂಟೇ ತಿಂಗಳು. ಹಾಸಿಗೆಯ ಮೇಲಿದ್ದ ತಮ್ಮ ಗೋಡೆಯ ಕಡೆ ಹೊರಳಿದ.

ಐದನೆಯ ತಿಂಗಳು, ಒಂದು ಮಧ್ಯಾಹ್ನ, ಅವಳು ಅವನ ಪಕ್ಕದಲ್ಲೇ ಕೂತು ಗುಂಡಿ ಹಾಕುತ್ತಿದ್ದಾಗ ತಮ್ಮ ಹೋದ. ಹೋಗುವ ಹಿಂದಿನ ದಿನ ಅವನು ಕೇಳಿದ್ದು ಒಂದೇ, "ಅವನು ಹೊರಟನಾ?"

ವಾರ ಕಳೆದ ಮೇಲೆ ಅವಳು ತಮ್ಮನ ಎದೆಯ ಎಕ್ಸರೇ ಚೀಲಕ್ಕೆ ಹಾಕಿಕೊಂಡು ಆರು ಗಂಟೆ ಕಾಲ ಬಸ್ಸಿನಲ್ಲಿ ಕೂತು ಪಕ್ಕದ ಮಂಚದವನ ಹೆಂಡತಿಯ ಮನೆ ಹುಡುಕಿಕೊಂಡು ಹೋದಳು. ಬಂದ ಕಾರಣ ಕೇಳಿ ಆಕೆ ಬಾಗಿಲಲ್ಲೇ ಗಾಬರಿಯಾದಳು.

"ಅವರು ಬರೀ ನೆಗಡಿ ಅಂದಿದ್ರಲ್ಲ."

"ನನ್ನ ತಮ್ಮ ಅಷ್ಟೂ ಅಂದಿರಲಿಲ್ಲ ತಾಯಿ." ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದೆಲ್ಲ ಕಪ್ಪಗಿರಬೇಕಂತೆ. ಬೆಳ್ಳಗೆ ಕಾಣೋದೆಲ್ಲ ಕಲ್ಲಿನ ಪುಡಿ ಮಾಡಿದ್ದು. ಇವನನ್ನ ಕರ್ಕೊಂಡು ಬರೋಕೆ ನಾನು ತಡ ಮಾಡ್ದೆ. ನೀನು ಮಾಡ್ಬೇಡ."

ಹೆಂಡತಿ ಅಲ್ಲೇ ಫೋನ್ ಹಚ್ಚಿದಳು. ಅಳಲಿಲ್ಲ, ಕೂಗಲಿಲ್ಲ. "ನೀವು ಹೊರಟು ಬನ್ನಿ. ಒಪ್ಪಂದ ಗಿಪ್ಪಂದ ಏನೂ ಹೇಳ್ಬೇಡಿ. ನಾನು ಈಗ ಒಂದು ಚಿತ್ರ ನೋಡ್ದೆ" ಎಂದಳು, ಅಷ್ಟೇ. ಗುಂಡಿ ಅಕ್ಕ ಫೋನ್ ಇಸಿದುಕೊಂಡು, "ಯಾವ ಹಾಳೆಗೂ ಸಹಿ ಹಾಕ್ಬೇಡ ಕಣಪ್ಪ. ನಡೆಯೋ ಶಕ್ತಿ ಇರುವಾಗಲೇ ರಜೆ ಅಂತ ಹೇಳಿ ಎದ್ದು ಬಾ" ಎಂದಳು.

ಐದು ವಾರಕ್ಕೆ ಅವನು ಬಂದ. ತನ್ನ ಚೀಲ ತಾನೇ ಹೊತ್ತು, ತನ್ನ ಕಾಲ ಮೇಲೆ ನಡೆದು ಬಂದ. ಅವನ ಎಕ್ಸರೇಯಲ್ಲೂ ಬಿಳುಪಿತ್ತು, ಅಂಚಿನಲ್ಲಷ್ಟೇ. ಇದು ಇಲ್ಲಿಗೇ ನಿಲ್ಲುತ್ತದೋ ದೂಳಿನಿಂದ ದೂರವಿದ್ದರೂ ಬೆಳೆಯುತ್ತದೋ ಹೇಳಲಾಗದು, ಮೂರು ತಿಂಗಳಿಗೊಮ್ಮೆ ಬನ್ನಿ ಎಂದರು ಡಾಕ್ಟರು.

ಅಂದಿನಿಂದ ಮೂರು ತಿಂಗಳಿಗೊಮ್ಮೆ ಅವನು ಹೆಂಡತಿಯೊಡನೆ ಬಂದು ಗುಂಡಿ ಅಕ್ಕನ ಮುಂದಿನ ಕೋಣೆಯಲ್ಲಿ ಉಳಿಯುತ್ತಾನೆ. ಆಸ್ಪತ್ರೆಗೆ ಮೂವರೂ ಒಟ್ಟಿಗೆ ಹೋಗುತ್ತಾರೆ. ಹೋದ ವಾರ ನಾಲ್ಕನೆಯ ಸಲ. ಅವನು ಎಕ್ಸರೇ ಕೋಣೆಯ ಒಳಗೆ ಹೋದ, ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಹೆಂಗಸರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಒಳಗಿನಿಂದ ದನಿ ಕೇಳಿಸಿತು:

"ಜೋರಾಗಿ ಉಸಿರು ಎಳ್ಕೊಳ್ಳಿ... ಹಾಗೇ ಹಿಡ್ಕೊಳ್ಳಿ... ಬಿಡ್ಬೇಡಿ."

ಗುಂಡಿ ಅಕ್ಕನೂ ಉಸಿರು ಬಿಗಿಹಿಡಿದಳು.