ಜಗಳಕ್ಕೆ ಲಾರಿ ಇಳಿಯುತ್ತಿದ್ದ ಅತ್ತೆ

ಸ್ಟೇರಿಂಗ್ ಹಿಡಿಯುವ ಮೊದಲು ನಮ್ಮ ಅತ್ತೆ ಎರಡೂ ಕೈಯ ಹಸಿರು ಬಳೆಗಳನ್ನು ಮೊಳಕೈವರೆಗೆ ಸರಿಸಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿಕೊಂಡ ಕಪ್ಪು ರಬ್ಬರಿನ ಪಟ್ಟಿಯಿಂದ ಬಿಗಿಯುತ್ತಿದ್ದಳು. ಬಳೆ ತೆಗೆದಿಡುತ್ತೇನೆ ಎಂದರೆ ಅವಳ ತಾಯಿ, ನಮ್ಮ ಅಜ್ಜಿ, ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಳು. ಹಾಗೇ ಬಿಟ್ಟರೆ ಬಳೆ ಗಲಗಲ ಅಂದು ಎಂಜಿನ್ನಿನ ಸದ್ದು ಸರಿಯಾಗಿ ಕೇಳುವುದಿಲ್ಲ ಎಂದು ಇವಳಿಗೆ ಕಿರಿಕಿರಿ. ಕೊನೆಗೆ ರಬ್ಬರು ಇಬ್ಬರ ನಡುವೆ ರಾಜಿ ಮಾಡಿಸಿತು. ಅದರ ಗುರುತು ಅವಳ ತೋಳಿನ ಮೇಲೆ ಕಪ್ಪಗೆ ಉಳಿದುಬಿಟ್ಟಿತ್ತು. ಮದುವೆ ಮನೆಯಲ್ಲಿ ಯಾರಾದರೂ ಇದೇನೆಂದು ಕೇಳಿದರೆ, "ನಮ್ಮ ಲಾರಿ ಹಾಕಿದ ಕಡಗ ರೀ" ಅನ್ನುತ್ತಿದ್ದಳು.

ನನ್ನ ತಂದೆಯ ಬೆನ್ನಿಗೆ ಹುಟ್ಟಿದ ತಂಗಿ ಅವಳು. ನಮ್ಮ ಮನೆ ಶಹಾಬಾದಿನಲ್ಲಿ, ಕಲ್ಲಿನ ಖಣಿಗಳಿಗೆ ಹೋಗುವ ದಾರಿಯ ಮೇಲಿತ್ತು. ಗೋಡೆ ಕಲ್ಲು, ಮಾಳಿಗೆ ಕಲ್ಲು, ಕೂರುವ ಕಟ್ಟೆ ಕಲ್ಲು. ಅಲ್ಲಿಂದ ಹೊರಡುವ ಲಾರಿಗಳೆಲ್ಲ ಫರ್ಶಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಹೇರಿಕೊಂಡೇ ಹೋಗುತ್ತಿದ್ದವು. ಅತ್ತೆಯನ್ನು ಕೊಟ್ಟದ್ದು ವಾಡಿಯ ಒಬ್ಬ ಲಾರಿ ಡ್ರೈವರನಿಗೆ. ಮಾಮಾ ಆಗ ಬೇರೆಯವರ ಲಾರಿ ಓಡಿಸುತ್ತಿದ್ದರು. ಇಂದು ಸೊಲ್ಲಾಪುರ, ನಾಳೆ ಹೈದರಾಬಾದು. ಹೊಸ ಹೆಂಡತಿ ಹೊಸ್ತಿಲಲ್ಲಿ ಕೂತಿರುವುದು, ಗಂಡ ಯಾವಾಗಲೋ ಬಂದು ಉಂಡು ಮಲಗಿ ಹೊರಟುಬಿಡುವುದು. ಕೆಲವು ತಿಂಗಳು ಹೀಗೇ ನಡೆಯಿತು. ಆಮೇಲೆ ಒಂದು ದಿನ ಅತ್ತೆ ಗಂಡನ ಮುಂದೆ ನಿಂತು, "ಮನ್ಯಾಗ ಕುಂತು ದಾರಿ ನೋಡೋದು ನನಗ ಸಾಕಾಗ್ಯಾದ್ರಿ. ನಾನೂ ಬರ್ತೀನಿ, ದಾರಿ ಮ್ಯಾಲೇ ಕುಂತು ನೋಡ್ತೀನಿ" ಅಂದಳಂತೆ.

ಇಬ್ಬರೂ ಹೇಗೋ ಹೊಂದಿಸಿ ಒಂದು ಹಳೆಯ ಲಾರಿ ಕೊಂಡು, ಖಣಿಗೆ ಹತ್ತಿರವೆಂದು ಶಹಾಬಾದಿನ ನಮ್ಮ ಮನೆಗೇ ಬಂದು ಉಳಿದರು. ಕ್ಲೀನರನ ಜಾಗ ಅತ್ತೆಯದಾಯಿತು. ಹಿಂದೆ ಸರಿಸುವಾಗ ಇಳಿದು ಬಾಡಿಯ ಮೇಲೆ ಕೈ ಬಡಿಯುತ್ತಿದ್ದಳು, ರೇಡಿಯೇಟರಿಗೆ ನೀರು ಹಾಕುತ್ತಿದ್ದಳು, ಗೇರು ಬದಲಾಗುವಾಗ ಮಾಮಾನ ಕಾಲು ಏನು ಮಾಡುತ್ತದೆ ಎಂದು ಸುಮ್ಮನೆ ನೋಡುತ್ತಿದ್ದಳು. ಕಲ್ಲು ತೆಗೆದು ಬಿಟ್ಟ ಹಳೆ ಖಣಿಯ ಬಯಲಿನಲ್ಲಿ ಮಾಮಾ ಅವಳಿಗೆ ಓಡಿಸಲು ಕಲಿಸಿದರು. ನಲ್ಲಿಯ ಹತ್ತಿರ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅಜ್ಜಿ ಎರಡು ಹೊತ್ತು ಊಟ ಬಿಟ್ಟಳು. ಅತ್ತೆ ಅಜ್ಜಿಯನ್ನು ಲಾರಿಯಲ್ಲಿ ಕೂಡಿಸಿಕೊಂಡು ಊರು ಸುತ್ತು ಹಾಕಿದಳು. ಇಳಿದ ಮೇಲೆ ಅಜ್ಜಿ ಉಂಡಳು.

ಲೈಸೆನ್ಸಿಗೆ ಹೋದಾಗಿನ ಕಥೆಯನ್ನು ಮಾಮಾ ನೂರು ಸಲ ಹೇಳಿದ್ದಾರೆ. ಭಾರಿ ವಾಹನದ ಪರೀಕ್ಷೆಯಲ್ಲಿ ಅತ್ತೆ ಒಂದೂ ತಪ್ಪಿಲ್ಲದೆ ಓಡಿಸಿ ತೋರಿಸಿದಳು. ಆಮೇಲೆ ಸಾಹೇಬರು ಗಂಡನ ಹೆಸರು ಕೇಳಿದರು. ಅತ್ತೆ ಬಾಯಿ ಬಿಡಲಿಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವವರಲ್ಲ. ಹೇಳಲೇಬೇಕಾದರೆ ಪ್ರಾಸ ಕಟ್ಟಿ ಒಡಪು ಹಾಕಿ ಹೇಳಬೇಕು. ಸಾಹೇಬರು ಸಿಟ್ಟಿಗೆದ್ದು ಮತ್ತೊಮ್ಮೆ ಕೇಳಿದಾಗ ಅತ್ತೆ ಸೆರಗು ಸರಿಮಾಡಿಕೊಂಡು, "ಕಲ್ಲು ಹೇರಿದ ಲಾರಿ ಹೊಡೀಬೇಕು ನೆಟ್ಟಗ, ನನ್ನವರ ಹೆಸರು ಹೇಳ್ತೀನಿ ಕೇಳ್ರಿ ಸಾಹೇಬ್ರ ಮೆತ್ತಗ" ಎಂದು ಶುರುಮಾಡಿ ಹೆಸರು ಹೇಳಿಯೇಬಿಟ್ಟಳು. ಕಚೇರಿಗೆ ಕಚೇರಿಯೇ ನಕ್ಕಿತು. ಲೈಸೆನ್ಸು ಬಂತು.

ಲಾರಿಯಲ್ಲಿ ಇಬ್ಬರದೂ ಒಂದು ಕಾಯ್ದೆ ಇತ್ತು. ಸ್ಟೇರಿಂಗು ಯಾರ ಕೈಯಲ್ಲಿದೆಯೋ ಮಾತು ಅವರದು. ಪಕ್ಕದವರು ಬಾಯಿ ಹಾಕುವ ಹಾಗಿಲ್ಲ. ಬಾಯಿ ಹಾಕಲೇಬೇಕು ಅನ್ನಿಸಿದರೆ ಗಾಡಿ ನಿಲ್ಲಿಸಿ, ಇಬ್ಬರೂ ಕೆಳಗಿಳಿದು, ನೆಲದ ಮೇಲೆ ನಿಂತು ಜಗಳಾಡಿ ಮುಗಿಸಿ ಮತ್ತೆ ಹತ್ತಬೇಕು. ಕ್ಯಾಬಿನ್ನಿನ ಒಳಗೆ ಜಗಳ ಇಲ್ಲ. ಚಿತ್ತಾಪುರದ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಗಂಡ ಹೆಂಡತಿ ಕೈ ಬೀಸಿ ಬೀಸಿ ಮಾತಾಡುತ್ತಿದ್ದರೆ, ಪಕ್ಕದಲ್ಲಿ ಲಾರಿ ನಿಂತಿದ್ದರೆ, ಬಸ್ಸಿನವರು ಅವರೇ ಎಂದು ಗುರುತು ಹಿಡಿದು ಹಾರ್ನ್ ಬಾರಿಸಿ ಹೋಗುತ್ತಿದ್ದರು. ಅಡಿಗೆಯಲ್ಲಿ ಉಪ್ಪು ಜಾಸ್ತಿಯಾದದ್ದಕ್ಕೂ ಒಮ್ಮೆ ಇಳಿದಿದ್ದರಂತೆ.

ಇಷ್ಟಾದರೂ ಹೊರಗಿನವರ ಕಣ್ಣಿಗೆ ಅವಳು ಡ್ರೈವರನ ಹೆಂಡತಿಯೇ. ಖಣಿಯಲ್ಲಿ ಹಮಾಲರ ಮುಖ್ಯಸ್ಥ ಒಬ್ಬ ಮುದುಕ ಚಾಚಾ. ಒಳ್ಳೆಯ ಮನುಷ್ಯ. ಕಲ್ಲನ್ನು ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಹುಲ್ಲು ತುರುಕಿ ಹೇರಿಸುವುದರಲ್ಲಿ ಅವನ ಕೈ ಪಳಗಿತ್ತು. ಹೇರಿ ಮುಗಿದ ಮೇಲೆ ಹಿಂಬಾಗಿಲು ತಟ್ಟಿ, ಡ್ರೈವರನ ಕಿಟಕಿಗೆ ಬಂದು ಹೇಳಿ ಕಳಿಸುವುದು ಅವನ ರೂಢಿ. ಆದರೆ ಸ್ಟೇರಿಂಗಿನ ಹಿಂದೆ ಅತ್ತೆ ಕೂತಿದ್ದರೂ ಅವಳನ್ನೇ ನೋಡುತ್ತಾ, "ಡ್ರೈವರ್ ಸಾಬ್ ಎಲ್ಲಿ ಹೋದ್ರು ಬೇಟಿ?" ಎಂದು ಕೇಳುತ್ತಿದ್ದ. ಅತ್ತೆ ನಕ್ಕು ಮಾಮಾನ ಕಡೆ ಕೈ ತೋರಿಸುತ್ತಿದ್ದಳು. ಆ ನಗು ಅವಳಿಗೆ ಸುಲಭವಾಗಿ ಬರುತ್ತಿರಲಿಲ್ಲ ಎಂದು ನನಗೆ ಗೊತ್ತು.

ಹೀಗಿರುವಾಗ ಒಂದು ದಿನ ಟಯರು ಬದಲಿಸುವಾಗ ಜಾಕು ಜಾರಿ ಮಾಮಾನ ಬಲಗೈ ಮುರಿಯಿತು. ಮಾಲು ಕೊಡುತ್ತಿದ್ದ ಸಾವುಕಾರರು ಕೆಟ್ಟವರೇನಲ್ಲ, ಆದರೆ ಅವರಿಗೆ ಹೆದರಿಕೆ ಜಾಸ್ತಿ. "ಕೈ ಕೂಡೋತನಕ ಲಾರಿ ನಿಂದರಲಿ. ಹೆಣ್ಮಗಳ ಕೈಯಾಗ ನನ್ನ ಕಲ್ಲು ಹ್ಯಾಂಗ ಕೊಡ್ಲಿ?" ಅಂದರು. ಲಾರಿ ನಿಂತರೆ ಅದನ್ನು ಮಾರಲೇಬೇಕು. ಮಾರಿದರೆ ಮಾಮಾ ಮತ್ತೆ ಬೇರೆಯವರ ಗಾಡಿಗೆ, ಅತ್ತೆ ಮತ್ತೆ ಹೊಸ್ತಿಲಿಗೆ. ಮಾಮಾ ಪ್ಲಾಸ್ಟರಿನ ಕೈ ಹೊತ್ತುಕೊಂಡೇ ಸಾವುಕಾರರ ಮುಂದೆ ಕೂತರು. "ಒಂದ ಸಲ ಕೊಟ್ಟು ನೋಡ್ರಿ. ಕಲ್ಲು ಒಡದ್ವು ಅಂದ್ರ ನಾವು ಮತ್ತ ನಿಮ್ಮ ಬಾಗಲಕ ಬರಂಗಿಲ್ಲ." ಚಿಂಚೋಳಿಯಲ್ಲಿ ಒಂದು ಹಾಸ್ಟೆಲು ಕಟ್ಟುತ್ತಿದ್ದರು. ಅದರ ನೆಲಕ್ಕೆ ಹೋಗಬೇಕಾದ ನುಣುಪು ಕಲ್ಲು ಇವರ ಪಾಲಿಗೆ ಬಂತು.

ಅದೇ ವಾರ ನನಗೆ ಸುಲೇಪೇಟೆಯ ಶಾಲೆಯಲ್ಲಿ ಟೀಚರಮ್ಮನ ಕೆಲಸ ಸಿಕ್ಕಿತ್ತು. ಮೊದಲ ನೌಕರಿ, ಮೊದಲ ಸಲ ಮನೆ ಬಿಡುವುದು. ಟ್ರಂಕು ಲಾರಿಗೆ ಹಾಕಿ ನಾನೂ ಹತ್ತಿದೆ. ಅತ್ತೆ ಓಡಿಸುತ್ತಿದ್ದಳು, ನಡುವೆ ನಾನು, ಆ ಕಡೆ ಮಾಮಾ. ಪ್ರತಿ ತಗ್ಗಿಗೂ ಮಾಮಾನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಬಾಯಿ ಮಾತ್ರ ಹೊಲಿದುಕೊಂಡಿದ್ದರು. ಸೇಡಂನಲ್ಲಿ ಚಹಾ ಕುಡಿದೆವು. ಹೋಟೆಲಿನವನು ಲೋಟವನ್ನು ಮೊದಲು ಮಾಮಾನ ಮುಂದಿಟ್ಟು, "ದೂರದ ಲೋಡೇನ್ರಿ ಡ್ರೈವರ್ ಸಾಬ್?" ಅಂದ. ಮಾಮಾ ಪ್ಲಾಸ್ಟರು ತೋರಿಸಿ ಲೋಟವನ್ನು ಅತ್ತೆಯ ಕಡೆ ಸರಿಸಿದರು.

ಸೇಡಂ ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಹಳ್ಳ. ಸೇತುವೆ ರಿಪೇರಿಯಲ್ಲಿತ್ತು, ಪಕ್ಕದ ಹೊಲದಲ್ಲಿ ಇಳಿದು ಹತ್ತಬೇಕಾಗಿತ್ತು. ಹಿಂದಿನ ದಿನ ಅಕಾಲದಲ್ಲಿ ಮಳೆ ಬಿದ್ದಿತ್ತು. ನಮ್ಮ ಕಡೆಯ ಕರಿ ಮಣ್ಣು ನೆನೆದರೆ ಹೇಗಿರುತ್ತದೆ ಎಂದು ಕಾಲಿಟ್ಟವರಿಗೇ ಗೊತ್ತು. ಅತ್ತೆ ಹೊಲಕ್ಕಿಳಿದು ಹಳ್ಳದ ಅಂಚಿನಲ್ಲಿ ಗಾಡಿ ನಿಲ್ಲಿಸಿದಳು. ಮಾಮಾನಿಗೆ ತಡೆಯಲಾಗಲಿಲ್ಲ.

"ಇಳಿ" ಅಂದರು.

ಕಾಯ್ದೆ ಪ್ರಕಾರ ಇಬ್ಬರೂ ಇಳಿದರು. ನಾನೂ ಹಿಂದೆ ಇಳಿದೆ.

"ಇಲ್ಲಿ ನಿಂದರಬಾರದಿತ್ತು. ಜೋರಲೆ ಹೊಡದ್ರ ಒಂದೇ ಏಟಿಗಿ ಪಾರಾಗತದ."

"ಜೋರಲೆ ಹೊಡದ್ರ ಲಾರಿ ಪಾರಾಗತದ್ರಿ, ಮ್ಯಾಲಿನ ಕಲ್ಲು? ಮೊದಲ ನಡದು ನೋಡಮಿ ತಡೀರಿ."

"ನಡದು ನೋಡಲಕ ಇದೇನ್ ದೇವರ ಪ್ರದಕ್ಷಿಣೇನು?"

"ನಿಮ್ಮ ಕೈ ಮುರದದ, ಬುದ್ಧಿ ಅಲ್ಲ. ಜರಾ ವಿಚಾರ ಮಾಡ್ರಿ!"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅತ್ತೆಯೇ ಗೆದ್ದಳು. ಮಾಮಾ, "ಆತು, ನೀ ಹೇಳ್ದಂಗ" ಎಂದು ತಿರುಗಿದರು. ಅಷ್ಟರಲ್ಲಿ ಹಿಂದಿನ ಗಾಲಿಗಳು ಅರ್ಧ ಮಣ್ಣಿನೊಳಗಿದ್ದವು. ಕಲ್ಲು ಹೇರಿದ ಲಾರಿಯನ್ನು ಹಸಿ ಕರಿ ಮಣ್ಣಿನ ಮೇಲೆ ನಿಲ್ಲಿಸಿ ನಿಯಮ ಪ್ರಕಾರ ಜಗಳಾಡುವ ತಪ್ಪನ್ನು ಈ ಭೂಮಿಯ ಮೇಲೆ ಈ ಇಬ್ಬರು ಬಿಟ್ಟರೆ ಇನ್ಯಾರೂ ಮಾಡಿರಲಾರರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಅಳು ಬರುತ್ತಿತ್ತು. ಸಾವುಕಾರರ ಮಾತು, ಮಾರಿಹೋಗುವ ಲಾರಿ, ಎಲ್ಲ ನನ್ನ ಕಣ್ಣ ಮುಂದೆ ಬಂತು.

ಅತ್ತೆ ಅಳಲಿಲ್ಲ. ಸುತ್ತ ನೋಡಿದಳು. ತೊಗರಿ ಕೊಯ್ಲಿನ ದಿನ. ದಿಬ್ಬದ ಮೇಲೆ ಒಂದು ಕಣದಲ್ಲಿ ಹೆಂಗಸರು ತೊಗರಿ ಬಡಿಯುತ್ತಿದ್ದರು. ಬಡಿದು ಬಿಟ್ಟ ತೊಗರಿ ಕಟ್ಟಿಗೆ ಪಕ್ಕದಲ್ಲಿ ಒಟ್ಟಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿ ದಿಬ್ಬ ಹತ್ತಿದಳು, ನಾನು ಬೆನ್ನ ಹಿಂದೆ.

"ಯಕ್ಕಾ, ಜರಾ ತೊಗರಿ ಕಟ್ಟಗಿ ಕೊಡ್ರಿ. ಲಾರಿ ಸಿಕ್ಕೊಂಡದ."

ಅವರಲ್ಲಿ ಹಿರಿಯಳು ಬಡಿಯುವುದನ್ನು ನಿಲ್ಲಿಸಲೇ ಇಲ್ಲ. "ಡ್ರೈವರಗ ಕಳಸವ್ವಾ. ಮಣ್ಣು ನೋಡದೆ ಯಾಕ ಇಳಿಸ್ದಾ ಕೇಳ್ತೀವಿ."

"ಡ್ರೈವರ್ ನಾನೇ ಇದ್ದೀನಿ, ಯಕ್ಕಾ."

ಬಡಿಗೆ ಕೆಳಗಿಳಿಯಿತು. ಎಲ್ಲ ಹೆಂಗಸರೂ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. "ಖರೇನ?" ಎಂದಳು ಹಿರಿಯಳು. "ಖರೇ. ಬರ್ರಿ, ನೋಡೀರಂತ." ಹಿರಿಯಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏಳ್ರೇ ಎಲ್ಲಾರೂ! ಗಂಡಸು ಹೊಡೀತಿದ್ರ ನಾವ್ ಬರ್ತಿದ್ದಿಲ್ಲ ನೋಡು."

ತೊಗರಿ ಕಟ್ಟಿಗೆಯ ಹೊರೆಗಳು ಒಂದರ ಹಿಂದೆ ಒಂದು ಇಳಿದುಬಂದವು. ಗಾಲಿಯ ಮುಂದಿನ ಮಣ್ಣನ್ನು ಸಲಿಕೆಯಿಂದ ತೆಗೆದು ಕಟ್ಟಿಗೆ ತುರುಕಿದರು. ಅಲ್ಲಿಂದ ಹಳ್ಳದ ಆಚೆಯ ದಂಡೆಯವರೆಗೆ ಚಾಪೆಯ ಹಾಗೆ ಒತ್ತಾಗಿ ಹಾಸಿದರು. ಮಾಮಾ ಒಂದೇ ಕೈಯಲ್ಲಿ ಹೊರೆ ಎಳೆದರು, ನಾನು ಹೊಸ ಸೀರೆಯಲ್ಲೇ ಮಣ್ಣು ಮೆತ್ತಿಕೊಂಡೆ. ಎಲ್ಲ ಮುಗಿದ ಮೇಲೆ ಮಾಮಾ ಸನ್ನೆ ಮಾಡಲು ಆಚೆ ಹೋಗಿ ಎದುರಿಗೆ ನಿಂತರು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, "ಎದುರಿಗಿ ನಿಂದರಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ನನಗ ನಗಿ ಬರ್ತದ" ಎಂದು ಕೂಗಿದಳು. ಹೆಂಗಸರು ಗೊಳ್ಳೆಂದು ನಕ್ಕರು. ಮಾಮಾ ಪಕ್ಕಕ್ಕೆ ಸರಿದರು.

ಲಾರಿ ಒಮ್ಮೆ ನಡುಗಿತು. ಗಾಲಿ ಅಲ್ಲೇ ತಿರುಗಿ ಕೆಸರು ಸಿಡಿಯಿತು. ಅತ್ತೆ ಅವಸರ ಮಾಡಲಿಲ್ಲ. ತಡೆದು, ಮತ್ತೆ ನಿಧಾನವಾಗಿ ಬಿಟ್ಟಳು. ಕಟ್ಟಿಗೆ ಚಟಚಟ ಮುರಿಯತೊಡಗಿತು. ಹಿಂದಿನ ಗಾಲಿ ಮೆಲ್ಲಗೆ ಮೇಲೆದ್ದಿತು. ಲಾರಿ ಒಂದೇ ವೇಗದಲ್ಲಿ, ತುಂಬಿದ ಕೊಡ ಹೊತ್ತ ಹೆಂಗಸಿನಂತೆ, ಹಳ್ಳ ದಾಟಿ ದಂಡೆ ಹತ್ತಿ ಗಟ್ಟಿ ರಸ್ತೆಯ ಮೇಲೆ ನಿಂತಿತು. ಹೆಂಗಸರು ಕೂಗಿದ ಕೂಗಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು. ಅಷ್ಟು ಸಂತೋಷವನ್ನು ನಾನು ನನ್ನ ಮದುವೆಯ ದಿನವೂ ಪಟ್ಟಿಲ್ಲ.

ಅತ್ತೆ ನಡೆದು ಬಂದು ಹಿರಿಯಳ ಕಾಲು ಮುಟ್ಟಿದಳು. ಆಕೆ ಆಶೀರ್ವಾದ ಮಾಡಿ, ಸ್ವಲ್ಪ ನಾಚಿಕೊಂಡು, "ಒಂದ ಸಲ ಅಲ್ಲಿ ಕುಂದರಲಾ?" ಎಂದು ಕೇಳಿದಳು. ಆಮೇಲೆ ಪ್ರತಿಯೊಬ್ಬಳೂ ಹತ್ತಿ ಡ್ರೈವರನ ಜಾಗದಲ್ಲಿ ಕೂತು ಸ್ಟೇರಿಂಗು ಹಿಡಿದು ಇಳಿದಳು. ಹಾರ್ನ್ ಬಾರಿಸದೆ ಒಬ್ಬಳೂ ಇಳಿಯಲಿಲ್ಲ. ಹೊತ್ತಾಗುತ್ತದೆ ಎಂದು ಅತ್ತೆ ಯಾರನ್ನೂ ಅವಸರಪಡಿಸಲಿಲ್ಲ.

ಸುಲೇಪೇಟೆ ಬಂದಾಗ ನಾನು ಇಳಿಯಲಿಲ್ಲ. ನಾಳೆ ಬೆಳಿಗ್ಗೆ ಬಸ್ಸಿಗೆ ಬಂದು ಶಾಲೆಗೆ ಹಾಜರಾಗುತ್ತೇನೆ, ಈಗ ಕಲ್ಲು ಇಳಿಸುವುದನ್ನು ನೋಡಲೇಬೇಕು ಎಂದೆ. ಚಿಂಚೋಳಿಯಲ್ಲಿ ಮೇಸ್ತ್ರಿ ಒಂದೊಂದೇ ಕಲ್ಲನ್ನು ಇಳಿಸಿಕೊಂಡು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಒಳಗೆ ಬಿರುಕಿದ್ದರೆ ಕಲ್ಲು ಮಂಕಾಗಿ ಸದ್ದು ಮಾಡುತ್ತದೆ. ಅತ್ತೆ ಬೆನ್ನು ತಿರುಗಿಸಿ ನಿಂತಿದ್ದಳು. ನೋಡುವ ಧೈರ್ಯ ಅವಳಿಗೂ ಇರಲಿಲ್ಲ. ಕೊನೆಯ ಕಲ್ಲಿನವರೆಗೂ ಎಲ್ಲವೂ ಖಣಖಣ ಅಂದವು. "ನಿಮ್ಮ ಡ್ರೈವರಗ ಹೇಳ್ರಿ," ಎಂದ ಮೇಸ್ತ್ರಿ ಮಾಮಾನಿಗೆ, "ಹಿಂಗ ಇಡಿಯಾಗಿ ಮಾಲು ಬಂದದ್ದು ನಾ ಭಾಳ ಕಮ್ಮಿ ನೋಡೀನಿ." ಮಾಮಾ ಅತ್ತೆಯ ಕಡೆ ತಿರುಗಿ, "ಕೇಳ್ದೇನು?" ಅಂದರು. ಅವಳ ಕಣ್ಣು ತುಂಬಿದ್ದು ಆಗಲೇ.

ಆ ಸಂಜೆ ಕಾಯ್ದೆಗೆ ಅತ್ತೆ ಒಂದು ತಿದ್ದುಪಡಿ ತಂದಳು: "ಇನ್ ಮ್ಯಾಲ ಮೊದಲ ಗಟ್ಟಿ ನೆಲ ನೋಡೋದು, ಆಮ್ಯಾಲ ಜಗಳ." ನನ್ನ ಸಂಸಾರವೂ ಇದೇ ಕಾಯ್ದೆಯ ಮೇಲೆ ನಡೆದಿದೆ. ನಾನೂ ನನ್ನ ಯಜಮಾನರೂ ಎಷ್ಟೋ ಸಲ ಜಗಳ ಶುರುಮಾಡುವ ಮೊದಲು ಗಟ್ಟಿ ನೆಲ ಹುಡುಕುತ್ತಾ ಹೋಗಿ, ಸಿಗುವಷ್ಟರಲ್ಲಿ ಜಗಳವನ್ನೇ ಮರೆತಿದ್ದೇವೆ. ಆ ಋಣ ದೊಡ್ಡದು.

ಮುಂದಿನ ಲೋಡಿಗೆ ಸಾವುಕಾರರು ತಾವಾಗಿಯೇ ಹೇಳಿಕಳಿಸಿದರು. ರಜೆಗೆ ಊರಿಗೆ ಬಂದ ನಾನು ಒಂದು ದಿನ ಖಣಿಗೆ ಹೋಗಿದ್ದೆ. ಮಾಮಾನ ಕೈ ಆಗ ಕೂಡಿತ್ತು, ಆದರೂ ಅಂದು ಓಡಿಸುವ ಪಾಳಿ ಅತ್ತೆಯದು. ಚಾಚಾ ಹಿಂಬಾಗಿಲು ತಟ್ಟಿ ಮುಂದೆ ಬಂದ. ಮಾಮಾ ಅವನ ಎದುರಿಗೇ ನಿಂತಿದ್ದರು. ಚಾಚಾ ಅವರನ್ನು ದಾಟಿ ಕಿಟಕಿಗೆ ಹೋಗಿ ತಲೆ ಎತ್ತಿ, "ಲೋಡ್ ಆತು, ಡ್ರೈವರ್ ಸಾಬ್. ಹೊಂಡ್ರಿ" ಅಂದ. ಅತ್ತೆ ಅವನಿಗೆ ಸಲಾಮು ಮಾಡಿ ಗಾಡಿ ಶುರುಮಾಡಿದಳು. ಮಾಮಾ ಓಡಿಹೋಗಿ ಆಚೆಯ ಬಾಗಿಲಿನಿಂದ ಹತ್ತಿಕೊಂಡರು.

ಹತ್ತಾರು ವರ್ಷ ಇಬ್ಬರೂ ಹಾಗೇ ಓಡಿಸಿದರು. ವಾಡಿಯಿಂದ ಹೊಸದಾಗಿ ಮದುವೆಯಾದ ಇನ್ನೊಂದು ಜೋಡಿ ಬಂದು ಕಲಿಸಿಕೊಡಿ ಎಂದಾಗ ಅತ್ತೆ ಹುಡುಗಿಯನ್ನು ಸ್ಟೇರಿಂಗಿಗೆ ಕೂಡಿಸಿ, ಹುಡುಗನನ್ನು ಮಾಮಾನ ಕೈಗೆ ಒಪ್ಪಿಸಿ, "ಇವನಿಗಿ ಸುಮ್ಮ ಕುಂದ್ರೋದು ಕಲಸ್ರಿ, ಅದೇ ಕಠಿಣ ಅದ" ಅಂದಳು. ಆ ಜೋಡಿ ಮುಂದೆ ಸ್ವಂತ ಲಾರಿ ಮಾಡಿತು. ಅತ್ತೆ ಅದಕ್ಕೆ ತಾನೇ ಕಾಯಿ ಒಡೆದಳು.

ಅತ್ತೆ ತೀರಿಕೊಂಡದ್ದು ಶಹಾಬಾದಿನಲ್ಲೇ, ಸ್ವಲ್ಪ ದಿನ ಮಲಗಿ. ಸುದ್ದಿ ಕೇಳಿ ದೂರದೂರದಿಂದ ಲಾರಿಯವರು ಬಂದಿದ್ದರು. ಮಾಮಾ ಕಟ್ಟೆಯ ಮೇಲೆ ಕೂತಿದ್ದರು. ಮಾತಾಡಿಸಲು ಬಂದ ಒಬ್ಬ ಹಿರಿಯರು ಅವರ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಮನಿಯವರು ಹೋದರಲ್ಲಪಾ" ಎಂದರು. ಮಾಮಾ ತಲೆ ಎತ್ತಿದರು.

"ಮನಿಯಾಕಿ ಹೌದ್ರಿ. ಆದ್ರ ಮೊದಲ ಹೇಳ್ರಿ, ಡ್ರೈವರ್ ಹೋದಳು ಅಂತ."

ಆ ಮೇಲೆ ಬಂದವರೆಲ್ಲ ಹಾಗೆಯೇ ಹೇಳಿದರು.